ಸೃಷ್ಟಿಯಲ್ಲಿ ದೇವರ ನಂಬಿಗಸ್ತಿಕೆಯ ಕುರುಹುಗಳನ್ನು ಗುರುತಿಸುವುದು ಹೇಗೆ: ಒಂದು ವರ್ಷದ ಅಭ್ಯಾಸಕ್ಕೆ ಮಾರ್ಗದರ್ಶಿ

ಆಗುಂಬೆಯ ಸೂರ್ಯಾಸ್ತವನ್ನು ಕಂಡವರು, ಮಳೆಗಾಲದ ಜೋಗದ ಎದುರು ನಿಂತವರು ‘ದೇವರು ಎಷ್ಟು ದೊಡ್ಡವನು’ ಎಂದು ಉದ್ಗರಿಸುವುದು ಸಹಜ. ಆ ಮಾತು ದೇವರ ಮಹಿಮೆಗೆ ಸಲ್ಲುತ್ತದೆ, ಆತನ ಕೈಕೆಲಸದ ಚೆಲುವಿಗೆ ಸಲ್ಲುತ್ತದೆ. ನಂಬಿಗಸ್ತಿಕೆ ಬೇರೆಯೇ ಗುಣ. ಮನೆಗೆ ಹಾಲು ತರುವವನನ್ನು ನಾವು ನಂಬಿಗಸ್ತನೆನ್ನುವುದು ಅವನು ಒಂದು ದಿನ ತುಂಬ ಒಳ್ಳೆಯ ಹಾಲು ತಂದನೆಂದಲ್ಲ. ಮಳೆ ಬಂದ ದಿನವೂ, ಊರಿನಲ್ಲಿ ಜಾತ್ರೆಯಿದ್ದ ದಿನವೂ ಹೇಳಿದ ಹೊತ್ತಿಗೆ ಬಾಗಿಲಿಗೆ ಬಂದನೆಂದು. ಆ ಗುಣವನ್ನು ಒಂದೇ ದಿನದಲ್ಲಿ ಅಳೆಯಲು ಬರುವುದಿಲ್ಲ. ಸೃಷ್ಟಿಯಲ್ಲಿ ದೇವರ ನಂಬಿಗಸ್ತಿಕೆಯನ್ನು ಹುಡುಕುವವರು ಪ್ರವಾಸಿ ತಾಣಗಳ ಪಟ್ಟಿಯನ್ನು ಬದಿಗಿಟ್ಟು, ಒಂದೇ ಸ್ಥಳಕ್ಕೆ ಮತ್ತೆ ಮತ್ತೆ ಹೋಗಬೇಕಾಗುವುದು ಈ ಕಾರಣಕ್ಕೆ.

ಸತ್ಯವೇದದಲ್ಲಿ (ಬೈಬಲಿನಲ್ಲಿ) ನಂಬಿಗಸ್ತಿಕೆ ಎಂದು ನಾವು ಓದುವಲ್ಲಿ ಹೀಬ್ರೂ ಮೂಲದಲ್ಲಿ ಹೆಚ್ಚಾಗಿ ಇರುವ ಪದ ‘ಎಮೂನಾ’. ಪ್ರಾರ್ಥನೆಯ ಕೊನೆಗೆ ನಾವು ಹೇಳುವ ‘ಆಮೆನ್’ ಕೂಡ ಅದೇ ಧಾತುವಿನದು. ವಿಮೋಚನಕಾಂಡದ 17ನೆಯ ಅಧ್ಯಾಯದಲ್ಲಿ, ಯುದ್ಧ ನಡೆಯುತ್ತಿರುವಾಗ ದಣಿದ ಮೋಶೆಯ ಕೈಗಳನ್ನು ಆರೋನನೂ ಹೂರನೂ ಎತ್ತಿಹಿಡಿದುದರಿಂದ ಅವು ಸೂರ್ಯ ಮುಳುಗುವವರೆಗೆ ಇಳಿಯದೆ ನಿಂತವೆಂದು ಹೇಳುವಲ್ಲಿ ಇದೇ ಪದ ಬಂದಿದೆ. ಇಳಿಯದೆ ನಿಂತ ಕೈ ಎಂಬ ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಕೆಲಸಗಳ ಉದ್ದೇಶ ತಿಳಿಯುತ್ತದೆ.

ಮೊದಲ ಹೆಜ್ಜೆ: ಹೊರಗೆ ಹೋಗುವ ಮುನ್ನ ವಾಗ್ದಾನಗಳನ್ನು ಬರೆದುಕೊಳ್ಳಿ

ಇದು ವಿಚಿತ್ರವೆನಿಸಬಹುದು, ನಿಸರ್ಗದ ಅಭ್ಯಾಸಕ್ಕೆ ಮೊದಲು ಬೇಕಾದದ್ದು ಬೈನಾಕ್ಯುಲರ್ ಅಲ್ಲವೇ ಎಂದು ನೀವು ಕೇಳಬಹುದು. ಆದರೆ ನಿಸರ್ಗ ತಾನಾಗಿ ತೋರಿಸುವುದು ಕ್ರಮವನ್ನು ಮಾತ್ರ. ಆ ಕ್ರಮ ಒಬ್ಬನು ಕೊಟ್ಟ ಮಾತಿನ ಪಾಲನೆಯೋ, ಸುಮ್ಮನೆ ತಿರುಗುವ ಚಕ್ರವೋ ಎಂಬುದನ್ನು ಅದು ಹೇಳುವುದಿಲ್ಲ. ಕಾಗದದ ಮೇಲಿನ ರುಜುವಿಗೆ ಅರ್ಥ ಬರುವುದು ಅದರ ಮೇಲೆ ಬರೆದ ಒಪ್ಪಂದದಿಂದ; ಹಾಗೆಯೇ ಕುರುಹಿಗೆ ಅರ್ಥ ಬರುವುದು ವಾಗ್ದಾನದಿಂದ. ಆದ್ದರಿಂದ ನಿಮ್ಮ ನೋಟ್‌ಪುಸ್ತಕದ ಮೊದಲ ನಾಲ್ಕೈದು ಪುಟಗಳಲ್ಲಿ ಈ ವಾಕ್ಯಭಾಗಗಳನ್ನು ಕೈಯಿಂದಲೇ ಪ್ರತಿ ಮಾಡಿಕೊಳ್ಳಿ: ಆದಿಕಾಂಡ 8:21-22 ಮತ್ತು 9:8-17; ಕೀರ್ತನೆ 89ರ 36 ಮತ್ತು 37ನೆಯ ವಚನಗಳು; ಕೀರ್ತನೆ 104 ಪೂರ್ತಿಯಾಗಿ; ಯೆರೆಮೀಯ 33:20-26; ಪ್ರಲಾಪಗಳು 3:19-24; ಮತ್ತಾಯ 6:26-30.

ಬರೆಯುವಾಗ ಒಂದು ವಿಷಯವನ್ನು ಗಮನಿಸಬೇಕು. ಬಿತ್ತನೆ ಮತ್ತು ಕೊಯ್ಲು, ಚಳಿ ಮತ್ತು ಸೆಕೆ, ಹಗಲು ಮತ್ತು ಇರುಳು ನಿಂತುಹೋಗುವುದಿಲ್ಲವೆಂಬ ಮಾತು ಆದಿಕಾಂಡದಲ್ಲಿ ಬರುವುದು ಜಲಪ್ರಳಯದ ನಂತರ. ಅದರ ಹಿಂದಿನ ವಚನದಲ್ಲೇ ಮನುಷ್ಯನ ಹೃದಯದ ಕೆಟ್ಟತನದ ಪ್ರಸ್ತಾಪವಿದೆ. ಮನುಷ್ಯ ಸುಧಾರಿಸಿದನೆಂದು ಕೊಟ್ಟ ಬಹುಮಾನ ಇದಲ್ಲ, ಸುಧಾರಿಸಿಲ್ಲವೆಂದು ತಿಳಿದೇ ಕೊಟ್ಟ ಮಾತು. ಯೆರೆಮೀಯನಂತೂ ಇನ್ನೂ ಮುಂದೆ ಹೋಗಿ, ದೇವರು ಹಗಲಿರುಳುಗಳೊಡನೆ ಒಡಂಬಡಿಕೆ ಮಾಡಿಕೊಂಡಿದ್ದಾನೆಂದೂ, ಆ ಒಡಂಬಡಿಕೆಯನ್ನು ಯಾರಾದರೂ ಮುರಿಯಬಲ್ಲರಾದರೆ ಮಾತ್ರ ಅರಸ ದಾವೀದನಿಗೆ, ಅವನ ಸಂತತಿಯೇ ಆಳುವುದೆಂದು ಕೊಟ್ಟ ಮಾತು ಮುರಿದೀತೆಂದೂ ವಾದಿಸುತ್ತಾನೆ. ಇದರಿಂದ ನಾಳೆಯ ಬೆಳಗು ಒಂದು ಸಾಕ್ಷ್ಯವಾಗುತ್ತದೆ.

ಎರಡನೆಯ ಹೆಜ್ಜೆ: ಒಂದು ಸ್ಥಳ, ಒಂದು ಹೊತ್ತು, ಒಂದು ಪುಸ್ತಕ

ನಿತ್ಯ ಹೋಗಲು ಸಾಧ್ಯವಿರುವ ಸ್ಥಳವನ್ನು ಆರಿಸಿಕೊಳ್ಳಿ. ಕೆರೆ ಏರಿ, ತೋಟದ ಮೂಲೆ, ದೇವಾಲಯದ ಆವರಣದ ಮರ, ಅಪಾರ್ಟ್‌ಮೆಂಟಿನ ಮಹಡಿ, ಯಾವುದಾದರೂ ಆದೀತು. ದೂರದ, ಚೆಂದದ ಸ್ಥಳಕ್ಕಿಂತ ಹತ್ತಿರದ, ಸಾಧಾರಣ ಸ್ಥಳವೇ ಲೇಸು. ಏಕೆಂದರೆ ಮೂರನೆಯ ವಾರದ ಹೊತ್ತಿಗೆ ಉತ್ಸಾಹ ಕುಂದುತ್ತದೆ, ಆಗ ಉಳಿಯುವುದು ಹತ್ತಿರದ್ದು ಮಾತ್ರ. ದಿನಕ್ಕೆ ಹದಿನೈದು ನಿಮಿಷ ಸಾಕು.

ಪುಸ್ತಕದ ಪ್ರತಿ ಪುಟವನ್ನು ಎರಡು ಪಾಲು ಮಾಡಿ. ಎಡಗಡೆ ಕಂಡದ್ದನ್ನು ಮಾತ್ರ ಬರೆಯಬೇಕು: ದಿನಾಂಕ, ಹೊತ್ತು, ಮೋಡ, ಗಾಳಿ, ಯಾವ ಹೂ, ಯಾವ ಹಕ್ಕಿ, ಎಷ್ಟು. ಬಲಗಡೆಯನ್ನು ಖಾಲಿ ಬಿಡಿ. ಅಲ್ಲಿ ಧ್ಯಾನದ ಮಾತುಗಳನ್ನು ಬರೆಯುವುದು ವಾರದ ಕೊನೆಗೆ, ಎಡಗಡೆಯದನ್ನು ಮತ್ತೊಮ್ಮೆ ಓದಿದ ಮೇಲೆ. ಈ ಅಂತರವನ್ನು ಬಿಡದೆ ಪಾಲಿಸಲು ಕಾರಣವಿದೆ. ನಾನು ಈ ಅಭ್ಯಾಸ ಆರಂಭಿಸಿದ ಮೊದಲ ವರ್ಷ ಪುಸ್ತಕದ ತುಂಬ ಭಕ್ತಿಯ ವಾಕ್ಯಗಳೇ ಇದ್ದವು. ಹೊಂಗೆ ಯಾವ ವಾರ ಚಿಗುರಿತೆಂದು ಮರುವರ್ಷ ಹುಡುಕಿದರೆ ಅದೊಂದು ಮಾತ್ರ ಸಿಗಲಿಲ್ಲ. ಕಣ್ಣು ನೋಡುವ ಮೊದಲೇ ಬಾಯಿ ಸ್ತುತಿಸಲು ಹೊರಟರೆ ಹೀಗಾಗುತ್ತದೆ.

ಮೂರನೆಯ ಹೆಜ್ಜೆ: ಆಕಾಶದಿಂದ ಆರಂಭಿಸಿ

ಆಕಾಶದ ಕ್ರಮ ಅತ್ಯಂತ ಖಚಿತವಾದದ್ದರಿಂದ ಅಭ್ಯಾಸ ಅಲ್ಲಿಂದ ಶುರುವಾಗುವುದು ಒಳ್ಳೆಯದು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆಂದು ಶಾಲೆಯಲ್ಲಿ ಕಲಿತಿರುತ್ತೇವೆ; ಆದರೆ ನೇರ ಪೂರ್ವದಲ್ಲಿ ಹುಟ್ಟುವುದು ವರ್ಷಕ್ಕೆ ಎರಡೇ ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಮೂರನೆಯ ವಾರದ ಆಸುಪಾಸಿನಲ್ಲಿ. ದಕ್ಷಿಣ ಕರ್ನಾಟಕದ ಅಕ್ಷಾಂಶದಲ್ಲಿ ಜೂನ್ ಕೊನೆಯ ವಾರಗಳಿಗೂ ಡಿಸೆಂಬರ್ ಕೊನೆಯ ವಾರಗಳಿಗೂ ನಡುವೆ ಸೂರ್ಯ ಹುಟ್ಟುವ ಜಾಗ ಸುಮಾರು 48 ಡಿಗ್ರಿಯಷ್ಟು ಸರಿಯುತ್ತದೆ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ಅಂದರೆ ಇದು ಹೆಚ್ಚುಕಡಿಮೆ ಐದು ಮುಷ್ಟಿಗಳ ದೂರ. ನೀವು ನಿಲ್ಲುವ ಸ್ಥಳದಿಂದ ಕಾಣುವ ತೆಂಗಿನ ಮರ, ಮೊಬೈಲ್ ಟವರ್, ಗುಡ್ಡದ ಬೆನ್ನು ಇವುಗಳ ಚಿತ್ರವೊಂದನ್ನು ಗೀಚಿಕೊಂಡು, ತಿಂಗಳಿಗೊಮ್ಮೆ ಸೂರ್ಯ ಹುಟ್ಟಿದ ಜಾಗವನ್ನು ಅದರ ಮೇಲೆ ಗುರುತು ಮಾಡಿ. ಡಿಸೆಂಬರಿನಲ್ಲಿ ಸೂರ್ಯ ಒಂದು ಮೇರೆಗೆ ಬಂದು, ಅದನ್ನು ದಾಟದೆ ಹಿಂದಿರುಗುವುದು ಆ ಚಿತ್ರದಲ್ಲಿ ಕಣ್ಣಿಗೆ ಕಟ್ಟುತ್ತದೆ.

ಚಂದ್ರನನ್ನು ನೋಡುವಾಗ ಕೀರ್ತನೆ 89ನ್ನು ಎದುರಿಗಿಟ್ಟುಕೊಳ್ಳಿ. ದಾವೀದನ ಸಿಂಹಾಸನ ಸ್ಥಿರವೆಂದು ಹೇಳುವಾಗ ಕೀರ್ತನೆಗಾರನು ಆಕಾಶದಲ್ಲಿರುವ ನಂಬತಕ್ಕ ಸಾಕ್ಷಿಯ ಮಾತನ್ನು ಚಂದ್ರನ ಜೊತೆಯಲ್ಲೇ ಎತ್ತುತ್ತಾನೆ. ಸೂರ್ಯನಾದರೆ ಸರಿ, ದಿನದಿಂದ ದಿನಕ್ಕೆ ಕ್ಷೀಣಿಸಿ, ಅಮಾವಾಸ್ಯೆಯಂದು ಕಾಣದೇ ಹೋಗುವ ಚಂದ್ರನನ್ನು ಸ್ಥಿರತೆಯ ಪಕ್ಕದಲ್ಲಿ ನಿಲ್ಲಿಸುವುದು ಹೇಗೆ? ಒಂದು ತಿಂಗಳು ನೋಡಿದರೆ ಉತ್ತರ ಹೊಳೆಯುತ್ತದೆ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ, ಇಪ್ಪತ್ತೊಂಬತ್ತೂವರೆ ದಿನಗಳಲ್ಲಿ ಒಂದು ಸುತ್ತು ಮುಗಿಸುತ್ತಾನೆ, ಕಾಣದ ದಿನವೂ ತನ್ನ ದಾರಿಯಲ್ಲೇ ಇರುತ್ತಾನೆ. ಅಮಾವಾಸ್ಯೆಯ ದಿನ ಎಡಗಡೆಯ ಪಾಲಿನಲ್ಲಿ ‘ಕಾಣಲಿಲ್ಲ’ ಎಂದು ತಪ್ಪದೆ ಬರೆಯಿರಿ. ಎರಡು ಮೂರು ದಿನಗಳ ನಂತರ ಪಶ್ಚಿಮದ ಸಂಜೆಗೆಂಪಿನಲ್ಲಿ ಉಗುರಿನಷ್ಟು ತೆಳುವಾದ ಚಂದ್ರ ಕಂಡ ಹೊತ್ತನ್ನೂ ಬರೆಯಿರಿ.

ನಕ್ಷತ್ರಗಳಲ್ಲಿ ಕೃತ್ತಿಕೆಯೊಂದನ್ನು ಗುರುತಿಸಲು ಕಲಿತರೆ ಸದ್ಯಕ್ಕೆ ಸಾಕು. ಯೋಬನ ಗ್ರಂಥದ 38ನೆಯ ಅಧ್ಯಾಯದಲ್ಲಿ ದೇವರು ಯೋಬನನ್ನು ಪ್ರಶ್ನಿಸುವಾಗ ಎತ್ತಿಕೊಳ್ಳುವ ನಕ್ಷತ್ರಗುಚ್ಛ ಅದೇ. ನವೆಂಬರ್ ಸಂಜೆಗಳಲ್ಲಿ ಪೂರ್ವದ ಆಕಾಶದಲ್ಲಿ ಅದು ಮೇಲೇರುತ್ತಿರುತ್ತದೆ. ಪ್ರತಿದಿನ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಉದಯಿಸುತ್ತಾ, ಒಂದು ವರ್ಷಕ್ಕೆ ಸರಿಯಾಗಿ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ.

ನಾಲ್ಕನೆಯ ಹೆಜ್ಜೆ: ನಿಮ್ಮದೇ ಆದ ಒಂದು ‘ಬಾದಾಮಿ ಮರ’

ಯೆರೆಮೀಯನ ಮೊದಲ ಅಧ್ಯಾಯದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಏನನ್ನು ನೋಡುತ್ತೀ ಎಂದು ದೇವರು ಕೇಳುತ್ತಾನೆ. ಬಾದಾಮಿ ಮರದ ಕೊಂಬೆಯನ್ನು ನೋಡುತ್ತೇನೆಂದು ಪ್ರವಾದಿ ಉತ್ತರಿಸುತ್ತಾನೆ. ಸರಿಯಾಗಿ ನೋಡಿದೆ, ನನ್ನ ಮಾತನ್ನು ನೆರವೇರಿಸಲು ನಾನು ಎಚ್ಚರವಾಗಿದ್ದೇನೆ ಎಂದು ದೇವರು ಹೇಳುತ್ತಾನೆ. ಕನ್ನಡದಲ್ಲಿ ಓದುವಾಗ ಬಾದಾಮಿಗೂ ಎಚ್ಚರಕ್ಕೂ ಏನು ಸಂಬಂಧವೆಂಬುದು ತಿಳಿಯುವುದಿಲ್ಲ. ಹೀಬ್ರೂವಿನಲ್ಲಿ ಬಾದಾಮಿ ‘ಶಾಕೇದ್’, ಎಚ್ಚರವಾಗಿರುವವನು ‘ಶೋಕೇದ್’. ಜೊತೆಗೆ ಆ ನಾಡಿನಲ್ಲಿ ಬಾದಾಮಿ, ಉಳಿದ ಮರಗಳು ಇನ್ನೂ ಚಳಿಗಾಲದ ನಿದ್ದೆಯಲ್ಲಿರುವಾಗ, ಎಲೆ ಬರುವ ಮೊದಲೇ ಹೂ ಬಿಡುವ ಮರ. (ನಮ್ಮ ಕರಾವಳಿಯ ರಸ್ತೆಬದಿಯಲ್ಲಿ ಬಾದಾಮಿ ಎಂದು ಕರೆಯುವ ಅಗಲ ಎಲೆಯ ಮರ ಬೇರೆಯೇ ಜಾತಿ, ಅದನ್ನು ತೋರಿಸಿ ಭಾನುವಾರ ಶಾಲೆಯ ಮಕ್ಕಳಿಗೆ ಈ ಪಾಠ ಹೇಳುವುದನ್ನು ನಾನು ಕಂಡಿದ್ದೇನೆ.)

ನಮ್ಮಲ್ಲಿ ಈ ಕೆಲಸಕ್ಕೆ ಹೊಂಗೆ, ಮುತ್ತುಗ, ಬೇವು, ಮಾವು ಇವುಗಳಲ್ಲಿ ಯಾವುದನ್ನಾದರೂ ಆರಿಸಬಹುದು. ನನ್ನ ಮೆಚ್ಚಿನದು ಹೊಂಗೆ. ಬಿಸಿಲು ಏರುತ್ತಿರುವಾಗ, ನೆಲದಲ್ಲಿ ತೇವ ಆರುತ್ತಿರುವಾಗ, ಅದು ಹಳೆಯ ಎಲೆಗಳನ್ನು ಉದುರಿಸಿ ಯುಗಾದಿಯ ಹೊತ್ತಿಗೆ ಎಣ್ಣೆ ಹಚ್ಚಿದಂತೆ ಹೊಳೆಯುವ ಎಲೆ ತೊಡುತ್ತದೆ. ಒಂದೇ ಮರವನ್ನು ವಾರಕ್ಕೊಮ್ಮೆ, ಅದೇ ದಿನ ನೋಡಿ. ಹಳೆ ಎಲೆ, ಚಿಗುರು, ಮೊಗ್ಗು, ಹೂ, ಕಾಯಿ ಇವು ಇಲ್ಲವೇ, ಕೊಂಚವೇ, ಬಹಳವೇ ಎಂದು ಮೂರೇ ಮಾತಿನಲ್ಲಿ ಗುರುತು ಹಾಕಿ. ಭಾರತದಾದ್ಯಂತ ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆಯವರು ಮರಗಳ ಋತುಚಕ್ರವನ್ನು ಹೆಚ್ಚುಕಡಿಮೆ ಇದೇ ಬಗೆಯಲ್ಲಿ ದಾಖಲಿಸುತ್ತಾರೆ. ನಿಮ್ಮ ಟಿಪ್ಪಣಿಯನ್ನು ಅವರಿಗೂ ಕೊಡಬಹುದು. ಮಾವನ್ನು ಆರಿಸಿದವರು ಒಂದು ವಿಷಯಕ್ಕೆ ಸಿದ್ಧರಾಗಿರಬೇಕು: ಅನೇಕ ತಳಿಗಳು ಒಂದು ವರ್ಷ ತುಂಬಿ ಬಿಟ್ಟು ಮರುವರ್ಷ ಬಡವಾಗುತ್ತವೆ. ಆ ಬಡ ವರ್ಷವೂ ಮರದ ಕ್ರಮದ ಭಾಗವೇ.

ವಿದೇಶದ ಚಳಿನಾಡುಗಳಲ್ಲಿರುವ ಕನ್ನಡಿಗರಿಗೆ ಈ ಹೆಜ್ಜೆ ನಮಗಿಂತ ಸುಲಭ. ಪೂರ್ತಿ ಬೋಳಾಗಿ ತಿಂಗಳುಗಟ್ಟಲೆ ನಿಂತ ಮರ ಚಿಗುರುವುದನ್ನು ಕಾಣುವ ಭಾಗ್ಯ ಅವರ ಕಿಟಕಿಯ ಹೊರಗೇ ಇರುತ್ತದೆ.

ಐದನೆಯ ಹೆಜ್ಜೆ: ಮಳೆಯ ಲೆಕ್ಕ

ಈ ಅಭ್ಯಾಸದ ಹೃದಯ ಇದು. ಸಮಯ ಕಡಿಮೆಯಿರುವವರು ಬೇರೆ ಹೆಜ್ಜೆಗಳನ್ನು ಬಿಟ್ಟರೂ ಇದನ್ನು ಬಿಡಬಾರದು. ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳೋಣ. ಕನ್ನಡ ಸತ್ಯವೇದದಲ್ಲಿ ಮುಂಗಾರು, ಹಿಂಗಾರು ಎಂಬ ನಮ್ಮದೇ ಮಾತುಗಳು ಬರುತ್ತವೆ. ಓದುವ ರೈತನ ಕಣ್ಣಿಗೆ ಜೂನ್ ತಿಂಗಳ ಮಳೆಯೇ ಬಂದು ನಿಲ್ಲುತ್ತದೆ. ಆದರೆ ಇಸ್ರಾಯೇಲ್ ನಾಡಿನ ಮಳೆಗಾಲ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ. ಅಲ್ಲಿಯ ಮುಂಗಾರು ಬಿತ್ತನೆಗೆ ನೆಲ ಮೆತ್ತಗಾಗಿಸುವ ಅಕ್ಟೋಬರ್, ನವೆಂಬರಿನ ಮಳೆ. ಹಿಂಗಾರು ಕಾಳು ತುಂಬಿಸುವ ಮಾರ್ಚ್, ಏಪ್ರಿಲಿನ ಮಳೆ. ನಮ್ಮ ಮುಂಗಾರು ಹಿಂದೆ ಸರಿಯುವಾಗ ಅವರ ಮುಂಗಾರು ಹತ್ತಿರವಾಗುತ್ತಿರುತ್ತದೆ. ಆದ್ದರಿಂದ ಧರ್ಮೋಪದೇಶಕಾಂಡ 11ನೆಯ ಅಧ್ಯಾಯವನ್ನೋ ಯೆರೆಮೀಯ 5:24ನ್ನೋ ನಮ್ಮ ಹವಾಮಾನ ವರದಿಯಂತೆ ಓದಬಾರದು. ತಕ್ಕ ಕಾಲದಲ್ಲಿ ಕೊಡುವವನು ಆತನೆಂಬ ಮಾತನ್ನು ಮಾತ್ರ ತೆಗೆದುಕೊಂಡು, ನಮ್ಮ ನೆಲದಲ್ಲಿ ಆ ತಕ್ಕ ಕಾಲ ಹೇಗಿರುತ್ತದೆಂದು ನಾವೇ ನೋಡಬೇಕು.

ನೋಡುವುದಕ್ಕೆ ನಮ್ಮ ಹಿರಿಯರು ಬಿಟ್ಟುಹೋದ ಒಳ್ಳೆಯ ಪಂಚಾಂಗವಿದೆ. ಸೂರ್ಯನ ಹಾದಿಯನ್ನು ಇಪ್ಪತ್ತೇಳು ನಕ್ಷತ್ರಗಳಾಗಿ ಹಂಚಿ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ ಕೊಟ್ಟು, ಆ ದಿನಗಳ ಮಳೆಯನ್ನು ಅದರ ಹೆಸರಿನಿಂದ ಕರೆಯುತ್ತಾರೆ. ಏಪ್ರಿಲ್ ಕೊನೆಯಿಂದ ಭರಣಿ, ಮೇ ಕೊನೆಯ ವಾರದಿಂದ ರೋಹಿಣಿ, ಜೂನ್ ಎರಡನೆಯ ವಾರದಿಂದ ಮೃಗಶಿರ, ಜೂನ್ 21-22ರಿಂದ ಆರಿದ್ರಾ, ಹೀಗೆ ಅಕ್ಟೋಬರ್ ಕೊನೆಯ ಸ್ವಾತಿಯವರೆಗೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆಯನ್ನು ಚರ್ಚಿನ ಸಭೆಯ ಹಿರಿಯ ರೈತರ ಬಾಯಲ್ಲಿ ಈಗಲೂ ಕೇಳಬಹುದು. ಕ್ರೈಸ್ತರಾದ ನಾವು ಇದನ್ನು ಬಳಸಬಹುದೇ ಎಂದು ಕೆಲವರು ಹಿಂಜರಿಯುತ್ತಾರೆ. ಇದು ಜಾತಕವಲ್ಲ, ಸೂರ್ಯನ ಸ್ಥಾನದಿಂದ ದಿನ ಎಣಿಸುವ ಬೇಸಾಯದ ಕ್ಯಾಲೆಂಡರ್. ಬಳಸಲು ನನಗೆ ಯಾವ ಅಡ್ಡಿಯೂ ಕಾಣುವುದಿಲ್ಲ.

ಮಳೆ ಅಳೆಯಲು ನೇರ ಗೋಡೆಯ ಗಾಜಿನ ಪಾತ್ರೆ ಮತ್ತು ಮಿಲಿಮೀಟರ್ ಗುರುತಿರುವ ಅಳತೆಪಟ್ಟಿ ಸಾಕು. ಬಾಯಿಗಿಂತ ಹೊಟ್ಟೆ ಅಗಲವಿರುವ ಬಾಟಲಿ ನಡೆಯುವುದಿಲ್ಲ. ಮರದಿಂದಲೂ ಸೂರಿನಿಂದಲೂ ದೂರವಿಟ್ಟು, ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8:30ಕ್ಕೆ ಅಳೆದು, ಚೆಲ್ಲಿ, ಬರೆಯಿರಿ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ 20 ಮಿಲಿಮೀಟರಿನ ಒಂದು ಸಾಧಾರಣ ಮಳೆ ಒಂದು ಎಕರೆಗೆ ಸುಮಾರು 80,000 ಲೀಟರ್ ಸುರಿಸುತ್ತದೆ. ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟವರಿಗೆ ಈ ಅಂಕಿಯ ತೂಕ ಬೇಗ ಅರ್ಥವಾಗುತ್ತದೆ.

ನಾಲ್ಕೈದು ವರ್ಷಗಳ ದಿನಾಂಕಗಳನ್ನು ಪಕ್ಕಪಕ್ಕದಲ್ಲಿ ಬರೆದಾಗ ಒಂದು ಸಂಗತಿ ಮನಸ್ಸನ್ನು ಕದಡುತ್ತದೆ, ಕದಡಲೂ ಬೇಕು. ನೈರುತ್ಯ ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ಕೆಲವೇ ದಿನಗಳಲ್ಲಿ ನಮ್ಮ ಕರಾವಳಿಗೆ. ಆದರೆ 2023ರಲ್ಲಿ ಅದು ಕೇರಳ ತಲುಪಿದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೆ. ಚಂದ್ರನ ಕ್ರಮದಂತೆ ಮಳೆಯ ಕ್ರಮ ನಿಮಿಷದ ಲೆಕ್ಕದ್ದಲ್ಲ. ನೆಲ ಕಾದು, ಸಮುದ್ರ ತಣ್ಣಗಿದ್ದು, ಆಫ್ರಿಕದ ಪೂರ್ವ ಕರಾವಳಿಯ ಬದಿಯಿಂದ ತಿರುಗಿ ಬರುವ ಗಾಳಿ ಅರಬ್ಬಿ ಸಮುದ್ರದ ತೇವವನ್ನು ಹೊತ್ತು ಬಂದು ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರಿದಾಗ ಮಳೆಯಾಗುತ್ತದೆ. ಇಷ್ಟೊಂದು ಕೈಗಳು ಸೇರಿ ಎತ್ತುವ ತೇರು ಒಂದೆರಡು ವಾರ ಹಿಂದೆಮುಂದೆ ಆಗುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ತೇರು ಬರುವುದರಲ್ಲಿ. ಗಾಳಿಯ ವಿವರಣೆ ಸಿಕ್ಕಿತೆಂದು ದೇವರ ಪಾಲು ಕಡಿಮೆಯಾಯಿತೆಂದು ಭಾವಿಸಬೇಕಾಗಿಲ್ಲ. ಕೀರ್ತನೆ 104ರಲ್ಲಿ ಗಾಳಿಯೇ ಆತನ ದೂತ.

ಕಾಫಿ ಸೀಮೆಯವರಿಗೆ ಇನ್ನೂ ಸೂಕ್ಷ್ಮವಾದ ಒಂದು ಅವಕಾಶವಿದೆ. ಕಾಫಿ ಗಿಡಕ್ಕೆ ಹೂ ತರಿಸುವ ಮಾರ್ಚ್, ಏಪ್ರಿಲಿನ ಹೂಮಳೆ ಬಿದ್ದ ದಿನವನ್ನು ಬರೆದಿಟ್ಟು, ತೋಟ ಬೆಳ್ಳಗಾದ ದಿನದವರೆಗೆ ಎಣಿಸಿ. ಸಾಮಾನ್ಯವಾಗಿ ಎಂಟು ಹತ್ತು ದಿನ. ಹೂ ನಿಲ್ಲುವುದು ಎರಡು ಮೂರು ದಿನ ಮಾತ್ರ.

ಆರನೆಯ ಹೆಜ್ಜೆ: ಹಕ್ಕಿಗಳು, ಬರುವವು ಮತ್ತು ಇರುವವು

ಹೀಬ್ರೂವಿನಲ್ಲಿ ಕೊಕ್ಕರೆಯ ಹೆಸರು ‘ಹಸೀದಾ’. ದೇವರ ತಪ್ಪದ ಪ್ರೀತಿಯನ್ನು ಹೇಳುವ ‘ಹೆಸೆದ್’ ಎಂಬ ಪದದ ಒಡಹುಟ್ಟು ಅದು. ಆಕಾಶದ ಕೊಕ್ಕರೆಯೂ ತನ್ನ ಕಾಲವನ್ನು ಬಲ್ಲದು, ನನ್ನ ಜನರಾದರೋ ಅರಿಯರು ಎಂದು ಯೆರೆಮೀಯ 8:7ರಲ್ಲಿ ದೇವರು ನೊಂದು ನುಡಿಯುವುದನ್ನು ಓದಿ, ಸಾಧ್ಯವಾದರೆ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಹೋಗಿಬನ್ನಿ. ಅಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ (ಪೆಲಿಕನ್) ಊರೊಳಗಿನ ಹುಣಿಸೆ, ಆಲ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರಿನವರು ಅವುಗಳನ್ನು ಕಾಣುತ್ತಾರೆ. ವಲಸೆಯ ಉದ್ದವನ್ನು ಕಾಣಬೇಕಾದವರು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕು. ಮಂಗೋಲಿಯಾ, ಟಿಬೆಟ್‌ಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಅಲ್ಲಿ ಕಳೆಯುತ್ತವೆ; 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳಾದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು.

ಆದರೆ ನನ್ನ ಒಲವು ಕಾಗೆಯ ಕಡೆಗೆ. ಲೂಕ 12:24ರಲ್ಲಿ ಯೇಸು ಕಾಗೆಗಳನ್ನೇ ತೋರಿಸುತ್ತಾನೆ. ಬಿತ್ತದ, ಕೊಯ್ಯದ, ಕಣಜವಿಲ್ಲದ, ಯಾರೂ ಇಷ್ಟಪಡದ ಹಕ್ಕಿ. ಏಪ್ರಿಲಿನಿಂದ ಒಂದು ಕಾಗೆಯ ಗೂಡನ್ನು ದೂರದಿಂದ ಗಮನಿಸಿ. ಕೋಗಿಲೆ ಅದರಲ್ಲಿ ಮೊಟ್ಟೆಯಿಟ್ಟಿದ್ದರೆ, ತನ್ನದಲ್ಲದ ಮರಿಗೆ ಕಾಗೆ ವಾರಗಟ್ಟಲೆ ಗುಟುಕು ಕೊಡುವುದನ್ನು ಕಾಣುತ್ತೀರಿ. ಇದರಿಂದ ಪಾಠ ಹಿಂಡಲು ಆತುರಪಡಬೇಡಿ. ಕೋಗಿಲೆಯ ಕಡೆಯಿಂದ ನೋಡಿದರೆ ಇದು ಮೋಸವೂ ಹೌದು. ಎಡಗಡೆಯ ಪಾಲಿನಲ್ಲಿ ಬರೆದಿಡಿ, ಬಲಗಡೆ ಖಾಲಿಯೇ ಉಳಿಯಲಿ.

ಏಳನೆಯ ಹೆಜ್ಜೆ: ಕಾಮನಬಿಲ್ಲನ್ನು ಹುಡುಕುವ ಬಗೆ

ಕಾಮನಬಿಲ್ಲು ಅದೃಷ್ಟದಿಂದ ಕಾಣುವುದೆಂದು ಬಹಳ ಮಂದಿ ತಿಳಿದಿದ್ದಾರೆ. ಸೂರ್ಯನಿಗೆ ಬೆನ್ನು ಮಾಡಿ, ಎದುರಿನ ಮಳೆಯನ್ನು ನೋಡಿದರೆ, ನಿಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ ಸುಮಾರು 42 ಡಿಗ್ರಿಯಾಚೆ ಬಿಲ್ಲು ಇರುತ್ತದೆ. ಸೂರ್ಯ ಅದಕ್ಕಿಂತ ಮೇಲೇರಿದ್ದರೆ ನೆಲದ ಮೇಲೆ ನಿಂತವರಿಗೆ ಕಾಣದು. ಆದ್ದರಿಂದ ಬೆಳಿಗ್ಗೆ ಪಶ್ಚಿಮಕ್ಕೆ, ಸಂಜೆ ಪೂರ್ವಕ್ಕೆ ನೋಡಬೇಕು. ಮೋಡ ಮುಚ್ಚಿಕೊಂಡಿರುವ ಜುಲೈಗಿಂತ ಬಿಸಿಲು ಮಳೆ ಕೂಡಿ ಬರುವ ಮೇ ಮತ್ತು ಅಕ್ಟೋಬರಿನ ಸಂಜೆಗಳು ಉತ್ತಮ. ಆದಿಕಾಂಡ 9ರಲ್ಲಿ ಬಳಸಿರುವ ಹೀಬ್ರೂ ಪದ ಯುದ್ಧದ ಬಿಲ್ಲಿಗೂ ಅದೇ; ಕನ್ನಡದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ವಾಕ್ಯಭಾಗದಲ್ಲಿ ಬಿಲ್ಲನ್ನು ನೋಡಿ ಒಡಂಬಡಿಕೆಯನ್ನು ಜ್ಞಾಪಿಸಿಕೊಳ್ಳುವವನು ದೇವರು. ನಾವು ನೋಡದ ಬಿಲ್ಲುಗಳಿಗೂ ಅದು ಅನ್ವಯಿಸುತ್ತದೆ.

ಎಂಟನೆಯ ಹೆಜ್ಜೆ: ಕ್ರಮ ತಪ್ಪಿದ ದಿನಗಳ ಪುಟ

ಪುಸ್ತಕದ ಹಿಂಬದಿಯಿಂದ ಕೆಲವು ಪುಟಗಳನ್ನು ಬೇರೆ ಮಾಡಿ, ಬಾರದ ಮಳೆ, ಮೊಳೆಯದ ಬೀಜ, ಒಣಗಿದ ಬಾವಿ, ಸತ್ತ ಮರಿ ಇವುಗಳನ್ನು ದಿನಾಂಕದೊಡನೆ ಅಲ್ಲಿ ಬರೆಯಬೇಕು. ಈ ಪುಟಗಳಿಲ್ಲದ ಪುಸ್ತಕ ಪ್ರಾಮಾಣಿಕವಾದದ್ದಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಮನೆಗಳ ಮೇಲೆ ಜಾರಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜನ ಸತ್ತರು. ಸಮುದ್ರಕ್ಕೆ ದೇವರು ಮರಳನ್ನು ಮೇರೆಯಾಗಿಟ್ಟನೆಂದು ಯೆರೆಮೀಯ 5:22 ಹೇಳುತ್ತದೆ; ಉಳ್ಳಾಲದ ಕಡಲ್ಕೊರೆತದಲ್ಲಿ ಮನೆ ಕಳೆದುಕೊಂಡವರ ಮುಂದೆ ಆ ವಚನವನ್ನು ಓದಲು ಧೈರ್ಯ ಬೇಕು.

ಇಲ್ಲಿ ಮಾಡಬೇಕಾದ ಕೆಲಸ ಎರಡು. ವಾಗ್ದಾನದ ಎಲ್ಲೆಯನ್ನು ಮತ್ತೊಮ್ಮೆ ಓದುವುದು ಒಂದು. ಆದಿಕಾಂಡ 9ರಲ್ಲಿ ಎಲ್ಲ ಜೀವಿಗಳನ್ನೂ ಅಳಿಸುವ ಪ್ರಳಯ ಮತ್ತೆ ಬರುವುದಿಲ್ಲವೆಂದು ಹೇಳಿದೆ. ನದಿ ಉಕ್ಕುವುದಿಲ್ಲವೆಂದು ಹೇಳಿಲ್ಲ. ಆದಿಕಾಂಡ 8:22 ಕೊಯ್ಲು ನಿಂತುಹೋಗದೆಂದು ಹೇಳುತ್ತದೆ. ಪ್ರತಿ ಹೊಲದಲ್ಲೂ ಪ್ರತಿ ವರ್ಷವೂ ಕೊಯ್ಲಾಗುವುದೆಂದಲ್ಲ. ಕೊಡದ ಮಾತನ್ನು ಕೊಟ್ಟನೆಂದು ಭಾವಿಸಿ ಆಮೇಲೆ ಆತನು ತಪ್ಪಿದನೆಂದು ದೂರುವುದು ಸಾಲಪತ್ರವನ್ನು ಓದದೆ ಜಗಳಕ್ಕೆ ಹೋದಂತೆ. ಎರಡನೆಯದು, ನಮ್ಮ ಪಾಲನ್ನು ಬರೆಯುವುದು: ನೇರವಾಗಿ ಕಡಿದ ಗುಡ್ಡ, ಮುಚ್ಚಿದ ರಾಜಕಾಲುವೆ, ತೋಡಿದ ಮರಳು. ಹಾನಿಗೊಳಗಾದವರ ಪಾಪವನ್ನು ಹುಡುಕುವ ಕೆಲಸವಂತೂ ನಮ್ಮದಲ್ಲ. ಯೋಬನ ಸ್ನೇಹಿತರು ಅದನ್ನು ಮಾಡಿ ದೇವರಿಂದಲೇ ಬೈಸಿಕೊಂಡರು.

ಇಷ್ಟಾದ ಮೇಲೂ ಉತ್ತರ ಸಿಗದ ದಾಖಲೆಗಳು ಉಳಿಯುತ್ತವೆ. ಅಂಥ ದಿನ ಓದಲು ಯೆರೆಮೀಯನ 14ನೆಯ ಅಧ್ಯಾಯವಿದೆ. ಬರಗಾಲದಲ್ಲಿ ಬರಿಗೊಡ ಹೊತ್ತು ಹಿಂದಿರುಗುವ ಆಳುಗಳು, ಬಿರಿದ ನೆಲ, ಹುಲ್ಲಿಲ್ಲದೆ ಆಗತಾನೇ ಈದ ಮರಿಯನ್ನು ತೊರೆದು ಹೋಗುವ ಜಿಂಕೆ, ಎಲ್ಲವನ್ನೂ ಅಲ್ಲಿ ಬರೆದಿಟ್ಟಿದೆ. ಹಗಲಿರುಳುಗಳ ಒಡಂಬಡಿಕೆಯ ಮಾತು ಬರುವುದೂ ಇದೇ ಗ್ರಂಥದಲ್ಲಿ. ದೇವರ ಕರುಣೆ ಬೆಳಬೆಳಗೂ ಹೊಸದೆಂಬ ಮಾತನ್ನು ನಾವು ಹೂವಿನ ಚಿತ್ರದ ಮೇಲೆ ಅಚ್ಚು ಹಾಕಿ ಹಂಚುತ್ತೇವೆ. ಪ್ರಲಾಪಗಳ ಗ್ರಂಥದಲ್ಲಿ ಅದನ್ನು ಆಡಿದವನ ಮುಂದಿದ್ದದ್ದು ಕ್ರಿ.ಪೂ. 586ರಲ್ಲಿ ಸುಟ್ಟುಹೋದ ಯೆರೂಸಲೇಮು. ಹಿಂಬದಿಯ ಪುಟಗಳನ್ನು ಬರೆದವರಿಗೆ ಆ ವಚನದ ಭಾರ ತಿಳಿಯುತ್ತದೆ.

ಒಂಬತ್ತನೆಯ ಹೆಜ್ಜೆ: ಸಭೆಯೊಡನೆ ಓದುವುದು

ಒಬ್ಬರ ಪುಸ್ತಕ ಒಂದು ವರ್ಷವನ್ನು ಹಿಡಿಯುತ್ತದೆ, ಸಭೆಯ ನೆನಪು ಎಪ್ಪತ್ತು ಎಂಬತ್ತು ವರ್ಷಗಳನ್ನು. ಹಿರಿಯ ಅಜ್ಜಿಯರನ್ನು, ರೈತರನ್ನು, ಮೀನುಗಾರರನ್ನು ಕೇಳಿ ಬರೆದುಕೊಳ್ಳಿ: ಅವರು ಕಂಡ ದೊಡ್ಡ ನೆರೆ ಯಾವುದು, ದೊಡ್ಡ ಬರ ಯಾವುದು, ಆಮೇಲೆ ಮೊದಲ ಬೆಳೆ ಕೈಗೆ ಬಂದದ್ದು ಯಾವಾಗ. ಈ ದಾಖಲೆಯನ್ನು ಓದಲು ಒಳ್ಳೆಯ ದಿನವೆಂದರೆ ಬೆಳೆಹಬ್ಬ. ಮಂಗಳೂರು ಕಡೆಯ ಕಥೋಲಿಕರಿಗಾದರೆ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು ಊಟದಲ್ಲಿ ಹಂಚಿಕೊಳ್ಳುವ ಸೆಪ್ಟೆಂಬರ್ 8ರ ಮೊಂತಿ ಹಬ್ಬ. ತೆನೆಯ ಪಕ್ಕದಲ್ಲಿ ಮಳೆಯ ಲೆಕ್ಕದ ಪುಟವನ್ನೂ ಇಟ್ಟರೆ ಕೃತಜ್ಞತೆಗೆ ಅಂಕಿಅಂಶವೂ ಸೇರುತ್ತದೆ. ಅದೇ ದಿನ ಹಿಂಬದಿಯ ಪುಟಗಳನ್ನೂ ಓದಬೇಕು, ಬೆಳೆ ಕಳೆದುಕೊಂಡವರು ಯಾರೆಂದು ಸಭೆಗೆ ತಿಳಿಯುವುದು ಹಾಗೆ, ಅವರಿಗೆ ಅಕ್ಕಿ ತಲುಪುವುದೂ ಹಾಗೆ.

ವರ್ಷ ತುಂಬಿದ ದಿನ ಹೊಸ ಪುಸ್ತಕ ಆರಂಭಿಸುವಾಗ, ಹಳೆಯದರ ದಿನಾಂಕಗಳನ್ನು ಹೊಸದರ ಎಡಗಡೆಯಲ್ಲಿ ಪೆನ್ಸಿಲಿನಿಂದ ಮೊದಲೇ ಬರೆದಿಡಿ: ಹೊಂಗೆ ಚಿಗುರಿದ ವಾರ, ಮೊದಲ ಗುಡುಗು, ಕೃತ್ತಿಕೆ ಕಂಡ ಸಂಜೆ. ಅವುಗಳ ಪಕ್ಕದಲ್ಲಿ ಈ ವರ್ಷದ್ದನ್ನು ಪೆನ್ನಿನಿಂದ ತುಂಬುತ್ತಾ ಹೋಗಬೇಕು. ಕೆಲವು ದಾಖಲೆಗಳಿಗೆ ಒಂದು ವರ್ಷ ಸಾಲದು. ಮುನ್ನಾರಿನ ಬೆಟ್ಟಗಳಲ್ಲಿ ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಅರಳುತ್ತದೆ. 2006ರಲ್ಲಿ ಅರಳಿತು, 2018ರಲ್ಲಿ ಅರಳಿತು. ಪುಸ್ತಕದ ಕೊನೆಯ ಹಾಳೆಯಲ್ಲಿ 2030 ಎಂದು ಪೆನ್ಸಿಲಿನಲ್ಲಿ ಬರೆದು, ಮನೆಯ ಚಿಕ್ಕ ಮಗುವಿಗೆ ಆ ಹಾಳೆಯನ್ನು ತೋರಿಸಿಡಿ.